ತಮ್ಮದಲ್ಲದ ವಿಷಯ ಕಲಿಸುವ ಶಿಕ್ಷಕರಿಗೆ ಏನು ಕೇಳಲಿ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಹಾಸನ

ಓದಿದ್ದು ಒಂದು, ಪಾಠ ಮಾಡುವುದು ಇನ್ನೊಂದು. ಇಂಥ ಶಿಕ್ಷಕರ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಆಲೂರು, ಬೇಲೂರು, ಸಕಲೇಶಪುರದ ಕಡೆ ಹನ್ನೊಂದು ಪ್ರೌಢಶಾಲೆಗಳಿಗೆ ಹೋಗಿ ಬಂದೆ. ರೆಕಾರ್ಡರ್ ಹೊರತೆಗೆದ ಕೂಡಲೇ ಎಲ್ಲರದೂ ಒಂದೇ ಮಾತು: "ಏನೂ ತೊಂದರೆ ಇಲ್ಲ ಮೇಡಂ, ಹೊಂದಿಕೊಂಡು ಹೋಗುತ್ತೇವೆ." ಗೇಟಿನವರೆಗೆ ಬಿಡಲು ಬಂದಾಗ ನಿಜ ಹೊರಬೀಳುತ್ತದೆ. ಆಗ ರೆಕಾರ್ಡರ್ ಚೀಲದಲ್ಲಿರುತ್ತದೆ.

ಶಿಕ್ಷಕರು ತಮ್ಮದಲ್ಲದ ವಿಷಯ ಕಲಿಸಬೇಕಾಗಿ ಬರಲು ಮುಖ್ಯ ಕಾರಣ ಅವರ ತರಬೇತಿಯ ಕೊರತೆಯಲ್ಲ, ಶಾಲೆ ಕೆಲಸ ಹಂಚುವ ರೀತಿ ಎಂದು ಅಮೆರಿಕದ ಶಿಕ್ಷಣ ಸಂಶೋಧಕ ರಿಚರ್ಡ್ ಇಂಗರ್‌ಸಾಲ್ 1999ರಲ್ಲಿ ವಾದಿಸಿದ್ದರು. ನಮ್ಮಲ್ಲಿ ಅದು ಎಷ್ಟು ನಿಜ ಎಂದು ನೋಡುವುದು ನನ್ನ ಉದ್ದೇಶ. ಆದರೆ "ಈ ವಿಷಯದ ಮೇಲೆ ನಿಮಗೆಷ್ಟು ಹಿಡಿತವಿದೆ?" ಎಂಬ ನಾಲ್ಕನೇ ಪ್ರಶ್ನೆಗೆ ಬಂದೊಡನೆ ಮುಖಗಳು ಬಿಗಿಯುತ್ತವೆ. ಬದಲಿಗೆ ಏನು ಕೇಳಲಿ?

ಉತ್ತರ: ಸಿಬಿಜೆಡ್ ಮೇಷ್ಟ್ರು, ಸಕಲೇಶಪುರ ತಾಲ್ಲೂಕು

ಆ ನಾಲ್ಕನೇ ಪ್ರಶ್ನೆಯನ್ನು ಮೊದಲು ಹೊಡೆದುಹಾಕಿ. ಅದು ಸಂದರ್ಶನವಲ್ಲ, ತಪಾಸಣೆ. ಎದುರಿಗೆ ಪೆನ್ನು ಹಿಡಿದು ಕುಳಿತವರೆಲ್ಲ ನಮಗೆ ಇಲಾಖೆಯವರಂತೆಯೇ ಕಾಣುತ್ತಾರೆ.

ನಾನು ಓದಿದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಗಣಿತದವರು ವರ್ಗಾವಣೆಯಾಗಿ ಹೋದಾಗ, ಅತಿಥಿ ಶಿಕ್ಷಕರು ಸಿಗುವವರೆಗೆ ಎಂದು ಹತ್ತನೇ ತರಗತಿಯ ಗಣಿತ ನನ್ನ ಹೆಗಲೇರಿತು. ಆ "ಸಿಗುವವರೆಗೆ" ಎರಡು ವರ್ಷ ಎಳೆಯಿತು. ಮಳೆಗಾಲದಲ್ಲಿ ಬೆಳಿಗ್ಗೆ ಒಂದೇ ಬಸ್ ಬರುವ ಊರಿಗೆ ಆ ಗೌರವಧನ ನಂಬಿಕೊಂಡು ಯಾರು ಬರುತ್ತಾರೆ?

ಎರಡರ ವರ್ಗಮೂಲ ಅಭಾಗಲಬ್ಧ, ಅಂದರೆ ಭಿನ್ನರಾಶಿಯಾಗಿ ಬರೆಯಲಾಗದ್ದು, ಎಂದು ಸಾಧಿಸುವ ಪಾಠ. "ಅದು ಭಾಗಲಬ್ಧ ಎಂದು ಭಾವಿಸೋಣ" ಎಂದು ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಅಲ್ಲ ಎಂದು ಗೊತ್ತಿರುವುದನ್ನು ಹೌದು ಎಂದು ಯಾಕೆ ಭಾವಿಸಬೇಕು ಸರ್?" ಹೃದಯದ ಕವಾಟಗಳ ಬಗ್ಗೆ ಕೇಳಿದ್ದರೆ ಗಂಟೆ ಹೊಡೆದದ್ದೂ ಕೇಳಿಸದಷ್ಟು ಮಾತನಾಡುತ್ತಿದ್ದೆ. "ಪರೀಕ್ಷೆಯಲ್ಲಿ ಹೀಗೇ ಬರೆಯಬೇಕು, ಕುಳಿತುಕೋ" ಎಂದೆ. ಅಂಶ, ಛೇದ ಎರಡೂ ಸಮಸಂಖ್ಯೆಗಳಾಗುತ್ತವೆ ಎಂಬ ಸಾಲು ಬಾಯಿಪಾಠವಿತ್ತು. ಅವೆರಡಕ್ಕೂ ಸಾಮಾನ್ಯ ಅಪವರ್ತನವಿಲ್ಲ ಎಂದು ಆರಂಭದಲ್ಲೇ ಒಪ್ಪಿಕೊಂಡಿದ್ದೆವು, ಈಗ 2 ಎಂಬ ಅಪವರ್ತನ ಬಂದು ನಡುವೆ ಕುಳಿತಿದೆ. ಹೀಗೆ ಮುರಿದು ಬೀಳಲಿ ಎಂದೇ ಹಾಗೆ ಭಾವಿಸಿದ್ದು. ಇದು ನನಗೆ ಹೊಳೆದದ್ದು ಮರುವರ್ಷ.

ಆದ್ದರಿಂದ ಹಿಡಿತವನ್ನು ಅಳೆಯಬೇಡಿ. "ಮಕ್ಕಳ ಯಾವ ಪ್ರಶ್ನೆಯಿಂದ ತಪ್ಪಿಸಿಕೊಂಡಿರಿ?" ಎಂದು ಕೇಳಿ. ಮೊದಲು ನಿಮ್ಮದೊಂದು ಪೇಚಿನ ಕಥೆ ಹೇಳಿಕೊಳ್ಳಿ, ಆಮೇಲೆ ನೋಡಿ.

ಉತ್ತರ: ನಿವೃತ್ತ ಮುಖ್ಯಶಿಕ್ಷಕಿ, ಚಿಕ್ಕಮಗಳೂರು

ಮೇಷ್ಟ್ರ ಮಾತು ಸರಿ, ಆದರೆ ನನ್ನಂಥವರನ್ನೂ ಬಿಡಬೇಡಿ. ವೇಳಾಪಟ್ಟಿ ಬರೆದವರು ನಾವು. ಅದರಲ್ಲೂ ಎರಡು ಇರುತ್ತವೆ: ಗೋಡೆಗೆ ಅಂಟಿಸಿದ್ದು ಒಂದು, ನನ್ನ ಡೈರಿಯಲ್ಲಿ ಪೆನ್ಸಿಲ್ಲಿನಲ್ಲಿದ್ದದ್ದು ಇನ್ನೊಂದು. ಶಾಲೆ ನಡೆದದ್ದು ಪೆನ್ಸಿಲ್ಲಿನದರಂತೆ.

ಇನ್ನೊಂದು ತೊಡಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆರರಿಂದ ಎಂಟನೇ ತರಗತಿಗಳಿಗೆ ವಿಜ್ಞಾನ ಮತ್ತು ಗಣಿತ ಎರಡಕ್ಕೂ ಸೇರಿ ಕನಿಷ್ಠ ಒಬ್ಬ ಶಿಕ್ಷಕರು ಎಂದಿದೆ. ಜೀವಶಾಸ್ತ್ರ ಓದಿದವರು ಏಳನೇ ತರಗತಿಗೆ ಗಣಿತ ಮಾಡಿದರೆ ಕಾಗದದ ಲೆಕ್ಕದಲ್ಲಿ ಅವರು ವಿಷಯದ ಹೊರಗಿನವರೇ ಅಲ್ಲ. ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಸಿಬಿಜೆಡ್ (ಮೇಷ್ಟ್ರು ಓದಿದ ಮೂರು ವಿಷಯ) ಎಂದು ಹುದ್ದೆಗಳೇ ಬೇರೆಯಾದ್ದರಿಂದ ಅಲ್ಲಿ ಗೆರೆ ಕಾಣುತ್ತದೆ. ನೀವು ಯಾರನ್ನು ಎಣಿಸುತ್ತೀರಿ ಎಂಬುದನ್ನು ಮೊದಲ ಅಧ್ಯಾಯದಲ್ಲೇ ಹೇಳಿಬಿಡಿ.

ಪ್ರಶ್ನೆ ಕೇಳಿದವರು:

ನಾಲ್ಕನೇ ಪ್ರಶ್ನೆ ಹೋಯಿತು. ಪೆನ್ಸಿಲ್ ವೇಳಾಪಟ್ಟಿ ಕೇಳಲು ಧೈರ್ಯ ಬೇಕು, ಕೇಳುತ್ತೇನೆ. ಮೇಷ್ಟ್ರೇ, ಆ ಹುಡುಗಿಗೆ ಆಮೇಲೆ ಉತ್ತರ ಹೇಳಿದಿರಾ?

ಸಿಬಿಜೆಡ್ ಮೇಷ್ಟ್ರು:

ಹಾಸನದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು, ಆಗಲೇ ಪಿಯುಸಿ. ಅಲ್ಲೇ ನಿಂತು ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡು, "ಪರೀಕ್ಷೆಯಲ್ಲಿ ಅದೇ ಬಂದಿತ್ತು ಸರ್, ನೀವು ಹೇಳಿದ ಹಾಗೇ ಬರೆದೆ, ಪೂರ್ತಿ ಅಂಕ ಬಂತು" ಎಂದಳು.