ಸಹಾಯ ಬೇಕು: ಕಿರಣದ ಸುತ್ತ ಈ ಉಂಗುರ ಯಾಕೆ?

ನಮಸ್ಕಾರ. ಆಕ್ಸಿಲರೇಟರ್ ಕೆಲಸ ಗೊತ್ತಿರುವವರು ಯಾರಾದರೂ ಇದ್ದೀರಾ?

ನಮ್ಮ ಲ್ಯಾಬಿನಲ್ಲಿ ಹೈಡ್ರೋಜನ್ ಅಯಾನುಗಳನ್ನು (ಪಾಸಿಟಿವ್ ಚಾರ್ಜ್ ಇರುವ ಕಣಗಳು) 30 ಕಿಲೋವೋಲ್ಟ್‌ನಲ್ಲಿ ಕಿರಣವಾಗಿ ಓಡಿಸುತ್ತೇವೆ. ಮೊದಲು ಕಿರಣವನ್ನು ವೋಲ್ಟೇಜಿನಿಂದ ಫೋಕಸ್ ಮಾಡುವ ಐನ್ಝೆಲ್ ಲೆನ್ಸ್: ಮೂರು ಸಿಲಿಂಡರ್, ಆಚೀಚಿನವು ಅರ್ಥ್, ನಡುವಿನದಕ್ಕೆ ಪಾಸಿಟಿವ್ ವೋಲ್ಟೇಜ್. ಆಮೇಲೆ ಸೊಲೆನಾಯ್ಡ್, ಅಂದರೆ ಅದೇ ಕೆಲಸ ಮಾಡುವ ತಂತಿ ಸುರುಳಿಯ ಮ್ಯಾಗ್ನೆಟ್. ಕೊನೆಗೆ ಹೊಳೆಯುವ ಪರದೆ.

ಸೊಲೆನಾಯ್ಡ್ ಕರೆಂಟ್ ಏರಿಸಿದರೆ ನಡುವೆ ಮೆಣಸಿನ ಕಾಳಿನಷ್ಟು ಚುಕ್ಕೆ, ಸುತ್ತ ಮಂಕು ಉಂಗುರ. ಪ್ರೋಟಾನ್ ಜೊತೆ ಬರುವ ಎರಡು, ಮೂರು ಪರಮಾಣುಗಳ ಅಯಾನುಗಳದ್ದೇ ಈ ಕಿತಾಪತಿ ಅಂತ ನನ್ನ ಅನುಮಾನ. ಐನ್ಝೆಲ್‌ಗೆ ತೂಕ ಲೆಕ್ಕಕ್ಕಿಲ್ಲ, ಒಂದೇ ವೋಲ್ಟೇಜ್ ದಾಟಿ ಬಂದವನ್ನೆಲ್ಲ ಒಂದೇ ತರ ಬಗ್ಗಿಸುತ್ತದೆ. ಸೊಲೆನಾಯ್ಡ್ ಹಾಗಲ್ಲ. ತೂಕ ಎರಡರಷ್ಟಾದರೆ ಫೋಕಸ್ ದೂರವೂ ಎರಡರಷ್ಟು, ಅಲ್ವಾ?

ಗೆಳೆಯರೊಬ್ಬರು ಐನ್ಝೆಲ್ಲನ್ನೇ ಕಿತ್ತುಹಾಕಿ ಎನ್ನುತ್ತಾರೆ. ಪೈಪಿನಲ್ಲಿ ಉಳಿದ ಅನಿಲದಿಂದ ಹುಟ್ಟುವ ಎಲೆಕ್ಟ್ರಾನ್‌ಗಳು ಅಯಾನುಗಳ ತಳ್ಳಾಟ ತಗ್ಗಿಸುತ್ತವಲ್ಲ, ಐನ್ಝೆಲ್ ಅವನ್ನು ಎಳೆದುಕೊಂಡುಬಿಡುತ್ತದಂತೆ. ಮಾತು ಸರಿಯೇ. ಆದರೆ ಸೊಲೆನಾಯ್ಡ್ ಒಂದೇ ಸಾಕಾಗುತ್ತದಾ?

ಇನ್ನೊಂದು ಪ್ರಶ್ನೆ. ಕಿರಣ ಐನ್ಝೆಲ್ ತೂತಿನ ಅಂಚಿನವರೆಗೂ ಹರಡಿದೆ. ಅಂಚಿನಲ್ಲಿ ಹೋದವು ಜಾಸ್ತಿ ಬಗ್ಗಿಯೂ ಉಂಗುರ ಬರಬಹುದು. ಕಾರಣ ಯಾವುದೆಂದು ಪತ್ತೆ ಮಾಡುವುದು ಹೇಗೆ? ಅಯಾನುಗಳನ್ನು ತೂಕದ ಪ್ರಕಾರ ಬೇರೆ ಮಾಡಿ ತೋರಿಸುವ ಬಾಗಿಸುವ ಮ್ಯಾಗ್ನೆಟ್ ತರಲು ದುಡ್ಡಿಲ್ಲ. ಚುಕ್ಕೆಯ ಜಾಗದಲ್ಲಿ ಸಣ್ಣ ತೂತಿನ ತಾಮ್ರದ ತಟ್ಟೆ ಇಟ್ಟು ನೋಡಿದವರಿದ್ದರೆ ದಯವಿಟ್ಟು ತಿಳಿಸಿ.