ತುಮಕೂರಿನಲ್ಲಿ ಒಂದೇ ವಾರಕ್ಕೆ ಸಿನಿಮಾ, ನಾಟಕ, ಕುರುಕ್ಷೇತ್ರ: ಹೊಂದಿಸೋದು ಹೇಗೆ?

ಕೇಳಿದವರು: ಎಂ.ಎ. ವಿದ್ಯಾರ್ಥಿನಿ

ತುಮಕೂರು ವಿಶ್ವವಿದ್ಯಾನಿಲಯಕ್ಕೆ ಈ ವರ್ಷ ಸೇರಿದ್ದೇವೆ, ನಾಲ್ಕು ಜನ. ಮುಂದಿನ ವಾರ ತರಗತಿ ಕಡಿಮೆ. ಒಂದು ಸಿನಿಮಾ, ಒಂದು ಹೊಸ ನಾಟಕ, ಸಾಧ್ಯವಾದರೆ ಹಳ್ಳಿಯವರು ರಾತ್ರಿಯಿಡೀ ಆಡುವ ಕುರುಕ್ಷೇತ್ರ ಪೌರಾಣಿಕ ನಾಟಕ, ಮೂರನ್ನೂ ನೋಡುವ ಆಸೆ. ಸಿನಿಮಾ ವಿವರ ಆ್ಯಪ್‌ನಲ್ಲಿ ಸಿಗುತ್ತೆ. ನಾಟಕದ ಸುದ್ದಿ ಮಾತ್ರ ಆಡಿ ಮುಗಿದ ಮೇಲೆ ಪೇಪರಿನ ಫೋಟೊದಲ್ಲೇ ಗೊತ್ತಾಗೋದು. ಹಾಸ್ಟೆಲ್ ಗೇಟು ರಾತ್ರಿ 9ಕ್ಕೆ ಹಾಕ್ತಾರೆ. ತಲೆಗೆ 500 ರೂಪಾಯಿ ದಾಟಬಾರದು. ತಿಳಿದವರು ದಯವಿಟ್ಟು ಹೇಳಿ.

ನಾಟಕಕ್ಕೆ ಬೆಳಕು ಮಾಡುವವರು

ತಂಗೀ, ನಮ್ಮೂರಲ್ಲಿ ಎಷ್ಟೋ ಪ್ರದರ್ಶನಕ್ಕೆ ಟಿಕೆಟ್ಟೇ ಇರಲ್ಲ. ಮಾರೋಕೆ ಟಿಕೆಟ್ ಇಲ್ಲ ಅಂದಮೇಲೆ ಆ್ಯಪ್‌ಗೆ ಹೇಗೆ ಬರುತ್ತೆ? ಅದಕ್ಕೇ ನಾಟಕ ಹುಡುಕಬೇಡಿ, ರಂಗಮಂದಿರ ಹುಡುಕಿ. ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರಕ್ಕೆ ಸೋಮವಾರವೇ ಹೋಗಿ, ವಾರದ ಯಾವ್ಯಾವ ದಿನ ಯಾರಿಗೆ ಕೊಟ್ಟಿದ್ದಾರೆ ಅಂತ ಅಲ್ಲಿನ ಸಿಬ್ಬಂದಿಯನ್ನ ಕೇಳಿ. ಶಾಲಾ ವಾರ್ಷಿಕೋತ್ಸವ, ಸನ್ಮಾನ, ಭರತನಾಟ್ಯ ಎಲ್ಲ ಅದೇ ಪಟ್ಟಿಯಲ್ಲಿರುತ್ತೆ, ಆದ್ದರಿಂದ "ನಾಟಕ ಯಾವ ದಿನ" ಅಂತ ಬಿಡಿಸಿ ಕೇಳಿ. ಅಲ್ಲಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿ. ಇಲಾಖೆಯ ಪ್ರಾಯೋಜನೆ ಇರೋ ಪ್ರದರ್ಶನಗಳ ದಿನಾಂಕ ಅವರ ಹತ್ತಿರ ಮೊದಲೇ ಇರುತ್ತೆ. ಊರಿನ ತಂಡಗಳು, ಉದಾಹರಣೆಗೆ ನಾಟಕಮನೆ, ಝೆನ್ ಟೀಮ್, ತಮ್ಮ ಕಾರ್ಯಕ್ರಮಕ್ಕೆ ಬಂದವರ ನಂಬರ್ ತಗೊಂಡು ಮುಂದಿನದಕ್ಕೆ ಸಂದೇಶ ಕಳಿಸ್ತಾರೆ. ಒಂದು ನಾಟಕಕ್ಕೆ ಹೋಗಿ ನಂಬರ್ ಕೊಟ್ಟು ಬನ್ನಿ, ಮುಂದಿನ ನಾಲ್ಕರ ಸುದ್ದಿ ತಾನೇ ಬರುತ್ತೆ. ಪ್ರಜಾಪ್ರಗತಿ, ಪ್ರಜಾವಾಣಿಯ ಜಿಲ್ಲಾ ಪುಟದಲ್ಲಿ ಬರೋದು ಅದೇ ದಿನದ ಬೆಳಿಗ್ಗೆ. ಖಚಿತ ಮಾಡ್ಕೊಳ್ಳೋಕೆ ಸಾಕು, ಮುಂಚೆ ಯೋಜನೆ ಹಾಕೋಕೆ ಸಾಲದು.

ಈಗ ಸಮಯದ ವಿಷಯ. ಆಹ್ವಾನ ಪತ್ರಿಕೆಯಲ್ಲಿ "ಸಂಜೆ 6ಕ್ಕೆ" ಅಂತ ಇದ್ದರೆ ಅದು ಸಭಾ ಕಾರ್ಯಕ್ರಮಕ್ಕೆ. ಪತ್ರಿಕೆಯಲ್ಲಿ ಎಷ್ಟು ಅತಿಥಿಗಳ ಹೆಸರಿದೆ ಎಣಿಸಿ. ಒಬ್ಬರಿಗೆ ಏಳೆಂಟು ನಿಮಿಷ ಹಿಡಿಯಿರಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗೋದು, ಹಾರ, ವಂದನಾರ್ಪಣೆಗೆ ಇಪ್ಪತ್ತು ನಿಮಿಷ ಸೇರಿಸಿ. ಆರು ಹೆಸರಿದ್ದರೆ ನಾಟಕ ಏಳೂ ಕಾಲಿಗೆ ಮೊದಲು ಶುರುವಾಗಲ್ಲ. ಒಂದೂವರೆ ಗಂಟೆಯ ನಾಟಕ ಮುಗಿಯೋದು ಎಂಟೂ ಮುಕ್ಕಾಲಿಗೆ. ಒಂಬತ್ತರ ಗೇಟಿಗೆ ಆಟೋದಲ್ಲೇ ಓಡಬೇಕು. ಎರಡು ಗಂಟೆಯ ನಾಟಕವಾದರೆ ಗೇಟಿನ ಅನುಮತಿ ಬೆಳಿಗ್ಗೆಯೇ ಬರೆಸಿಡಿ.

ತಿರುಗಾಟದ ತಂಡಗಳದ್ದು ಬೇರೆ ಲೆಕ್ಕ. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ ನಡೀತಿದೆ, ಸಾಣೇಹಳ್ಳಿಯ ಶಿವಸಂಚಾರವೂ ವರ್ಷ ವರ್ಷ ಊರೂರು ಸುತ್ತುತ್ತೆ. ಇವರು ಬಂದರೆ ಹೇಳಿದ ಹೊತ್ತಿಗೆ ಮೂರನೇ ಬೆಲ್ ಹೊಡೆದು ನಾಟಕ ಶುರು ಮಾಡ್ತಾರೆ. ಆಟ ಮುಗಿದ ಕೂಡಲೇ ಸೆಟ್ ಬಿಚ್ಚಿ, ಬೆಳಕಿನ ಸಾಮಾನು ಇಳಿಸಿ, ಗಾಡಿಗೆ ತುಂಬಿ ಮುಂದಿನ ಊರಿಗೆ ಹೊರಡಬೇಕಲ್ಲ, ತಡ ಮಾಡಿದರೆ ಅವರ ನಿದ್ದೆಯೇ ಹೋಗುತ್ತೆ. ಹದಿನೈದು ನಿಮಿಷ ಮೊದಲೇ ಕೂತಿರಿ. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಾಕ್ಕೊಂಡು ಬರೋರಿಂದ ಮೊದಲ ದೃಶ್ಯವೇ ಹಾಳಾಗುತ್ತೆ. ಇದನ್ನ ಕೈ ಮುಗಿದು ಕೇಳ್ಕೊಳ್ತೀನಿ.

ಕೂರೋಕೆ ಐದರಿಂದ ಎಂಟನೇ ಸಾಲಿನ ನಡುಮಧ್ಯ. ಮೊದಲ ಸಾಲಲ್ಲಿ ಕೂತರೆ ವೇದಿಕೆಯ ಎತ್ತರಕ್ಕೆ ನಟರ ಪಾದ ಕಾಣಲ್ಲ, ನೆಲದ ಮೇಲೆ ಕೂತು ಆಡೋ ದೃಶ್ಯ ಅರ್ಧ ತಪ್ಪಿ ಹೋಗುತ್ತೆ. ತೀರಾ ಪಕ್ಕದಲ್ಲಿ ಕೂತರೆ ಎದುರು ವಿಂಗ್‌ನ, ಅಂದರೆ ವೇದಿಕೆ ಪಕ್ಕದ ಮರೆಯ, ಸೈಡ್ ಲೈಟು ನೇರ ಕಣ್ಣಿಗೆ ಬೀಳುತ್ತೆ.

ಪ್ರೊಜೆಕ್ಷನ್ ಕೆಲಸ ಬಲ್ಲವರು

ಸಿನಿಮಾಗೆ ವಾರ ಅಂದರೆ ಶುಕ್ರವಾರದಿಂದ ಗುರುವಾರ. ಮುಂದಿನ ವಾರದ ಆಟಗಳು ಆ್ಯಪ್‌ನಲ್ಲಿ ಪೂರ್ತಿ ಕಾಣೋದು ಬುಧವಾರ ರಾತ್ರಿ ಅಥವಾ ಗುರುವಾರ. ಅದಕ್ಕೆ ಮೊದಲು ಕಾಣೋ ಪಟ್ಟಿ ಅರ್ಧದ್ದು, ಅದನ್ನ ನೋಡಿ "ತುಮಕೂರಿಗೆ ಬಂದೇ ಇಲ್ಲ" ಅಂದ್ಕೊಬೇಡಿ.

ಸಣ್ಣ ಕನ್ನಡ ಚಿತ್ರ ನೋಡೋದಾದರೆ ಶನಿವಾರ ಅಥವಾ ಭಾನುವಾರವೇ ಮುಗಿಸಿ. ಅಂಥ ಚಿತ್ರಕ್ಕೆ ಸಿಗೋದು ಹೆಚ್ಚಾಗಿ ಬೆಳಗಿನ ಆಟ ಇಲ್ಲ ಮ್ಯಾಟಿನಿ, ಒಂದೇ ಒಂದು. ಸೋಮವಾರದ ಗಳಿಕೆ ನೋಡಿ ಆ ಆಟವನ್ನ ದೊಡ್ಡ ಚಿತ್ರಕ್ಕೆ ಕೊಟ್ಟುಬಿಡ್ತಾರೆ, ಶುಕ್ರವಾರದ ತನಕ ಕಾಯಲ್ಲ. ನಮ್ಮ ಜಿಲ್ಲೆಯ ಪಾವಗಡ, ಮಧುಗಿರಿ ಕಡೆ ಆಂಧ್ರದ ಗಡಿ, ತೆಲುಗು ಚಿತ್ರಕ್ಕೆ ಜನ ಜಾಸ್ತಿ. ದೊಡ್ಡ ತೆಲುಗು ಚಿತ್ರ ಬಂದ ವಾರ ಕನ್ನಡದ ಸಣ್ಣ ಚಿತ್ರಕ್ಕೆ ಪರದೆ ಸಿಗೋದೇ ಕಷ್ಟ. ಬೆರಳೆಣಿಕೆ ಟಿಕೆಟ್ ಮಾರಿದ ಆಟವನ್ನ ಅಲ್ಲೇ ರದ್ದು ಮಾಡೋದೂ ಉಂಟು. ನೀವು ನಾಲ್ಕು ಜನ ಒಟ್ಟಿಗೆ ಹೋದರೆ ಆಟ ನಡೆಯೋ ಸಾಧ್ಯತೆ ಅಷ್ಟು ಹೆಚ್ಚು.

ಶುಕ್ರವಾರದ ಮೊದಲ ಆಟ ಬಿಡಿ. ಈಗ ರೀಲು ಇಲ್ಲ, ಚಿತ್ರ ಬರೋದು ಬೀಗ ಹಾಕಿದ ಡಿಜಿಟಲ್ ಫೈಲಾಗಿ. ಅದನ್ನ ತೆರೆಯೋ ಕೀ ಬೇರೆಯಾಗಿ ಬರುತ್ತೆ, ಅದೂ ಆ ಒಂದು ಸರ್ವರ್‌ಗೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ. ನಿರ್ಮಾಪಕರ ಬಾಕಿ ಚುಕ್ತಾ ಆಗದಿದ್ದರೆ ಕೀ ಬರೋದು ತಡ. ಹತ್ತೂವರೆ ಆಟಕ್ಕೆ ಜನ ಹೊರಗೆ ನಿಂತಿರ್ತಾರೆ, ಒಳಗೆ ಫೈಲ್ ಇರುತ್ತೆ, ಕೀ ಇರಲ್ಲ. ಮಧ್ಯಾಹ್ನದ ಆಟದ ಹೊತ್ತಿಗೆ ಎಲ್ಲ ಸರಿ ಹೋಗಿರುತ್ತೆ.

ಒಂಟಿ ಪರದೆ ಚಿತ್ರಮಂದಿರದಲ್ಲಿ ಬಾಲ್ಕನಿ ಮೊದಲ ಸಾಲು ತಗೋಬೇಡಿ, ಎದುರಿನ ಕಂಬಿ ಪರದೆಯ ಕೆಳಗಿನ ಅಂಚನ್ನ ಮುಚ್ಚುತ್ತೆ. ಕೆಳಗಿನ ದರ್ಜೆಯಾದರೆ ಬಾಲ್ಕನಿಯ ಅಡಿಯ ಕೊನೇ ಸಾಲುಗಳು ಬೇಡ, ಮೇಲಿನ ಸ್ಪೀಕರ್‌ಗಳ ಶಬ್ದ ಆ ಚಾವಣಿಗೆ ತಡೆದು ಮಾತು ಮಂಕಾಗುತ್ತೆ. ಶಬ್ದ ಹೊಂದಿಸೋರು ಪರದೆಯಿಂದ ಹಿಂದಿನ ಗೋಡೆಗೆ ಇರೋ ದೂರದಲ್ಲಿ ಮೂರನೇ ಎರಡರಷ್ಟು ಹಿಂದೆ, ನಡುಮಧ್ಯದಲ್ಲಿ ಮೈಕ್ ಇಟ್ಟು ಹೊಂದಿಸ್ತಾರೆ. ಆ ಜಾಗದ ಆಸುಪಾಸೇ ಒಳ್ಳೇ ಸೀಟು.

ದುಡ್ಡಿನ ಲೆಕ್ಕ ಹೇಳೋರು

ಮೇಲಿನವರು ಟಿಕೆಟ್ ದರ ಬಿಟ್ಟಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲಾದರೆ ಶೇ 18. ಮೂಲ ದರ 100 ಇದ್ದರೆ 105 ಕೊಡ್ತೀರಿ, 120 ಇದ್ದರೆ 141 ರೂಪಾಯಿ 60 ಪೈಸೆ. ಮೂಲ ದರದ 20 ರೂಪಾಯಿ ವ್ಯತ್ಯಾಸ ನೀವು ಕೊಡೋವಾಗ 36 ದಾಟುತ್ತೆ. ಆ್ಯಪ್‌ನಲ್ಲಿ ತಗೊಂಡರೆ ಪ್ರತಿ ಟಿಕೆಟ್‌ಗೂ ಸೇವಾ ಶುಲ್ಕ ಬೇರೆ. ಒಂಟಿ ಪರದೆಯಲ್ಲಿ ವಾರದ ದಿನ ಕೌಂಟರ್‌ನಲ್ಲೇ ತಗೊಳ್ಳಿ, ನಾಲ್ವರಿಗೆ ಒಂದು ಸಲದ ತಿಂಡಿ ಉಳಿಯುತ್ತೆ.

ಪೆಟ್ಟಿಗೆ ಮೇಷ್ಟ್ರು

ಇಂಥ ನಾಟಕಕ್ಕೆ ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ನುಡಿಸೋನು ನಾನು. ಕುರುಕ್ಷೇತ್ರ ನೋಡಬೇಕು ಅಂತ ಬರೆದದ್ದು ಓದಿ ಸಂತೋಷ ಆಯ್ತಮ್ಮ. ಗುಬ್ಬಿ ಇಲ್ಲಿಂದ ಇಪ್ಪತ್ತು ಕಿಲೋಮೀಟರ್. 1884ರಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿಯ ಊರು ಅದು. ಗುಬ್ಬಿ ವೀರಣ್ಣನವರ ಕಾಲದಲ್ಲಿ ಆ ಕಂಪನಿ ಕುರುಕ್ಷೇತ್ರಕ್ಕೆ ಆನೆ ಕುದುರೆಯನ್ನೇ ರಂಗದ ಮೇಲೆ ತಂದಿತ್ತು. ಸಿನಿಮಾಗೆ ಹೋಗುವ ಮುಂಚೆ ರಾಜಕುಮಾರ್ ಅವರೂ ಆ ಕಂಪನಿಯಲ್ಲಿ ಪಾತ್ರ ಮಾಡಿದವರು. ನೀವು ನೋಡೋಕೆ ಹೊರಟಿರೋದು ಹಳ್ಳಿಯವರೇ ಆಡೋದನ್ನ, ಆದರೆ ಪರದೆ, ಪದ್ಯ, ನಡಿಗೆ ಎಲ್ಲ ಆ ಕಂಪನಿ ನಾಟಕದ ಬಳುವಳಿಯೇ.

ಎಲ್ಲಿ ಆಡ್ತಾರೆ ಅನ್ನೋದನ್ನ ಸೀನರಿ ಬಾಡಿಗೆ ಕೊಡೋರ ಹತ್ತಿರ ಕೇಳಿ. ಕುರುಕ್ಷೇತ್ರ ಆಡೋ ಹಳ್ಳಿ ಪರದೆ, ಕಿರೀಟ, ಗದೆ, ಲೈಟು ಎಲ್ಲಕ್ಕೂ ಇವರ ಹತ್ತಿರವೇ ಬರಬೇಕು. ಯಾವ ರಾತ್ರಿ ಯಾವ ಊರು ಅಂತ ಅವರ ಡೈರಿಯಲ್ಲಿ ಬರೆದಿರುತ್ತೆ. ಬಸ್ ಸ್ಟ್ಯಾಂಡ್ ಹತ್ತಿರದ ಗೋಡೆಗಳ ಕರಪತ್ರವನ್ನೂ ನೋಡಿ. ಪಾತ್ರಧಾರಿಗಳ ಹೆಸರಿನ ಉದ್ದ ಪಟ್ಟಿ ಇದ್ದು, ಒಬ್ಬ ಕೃಷ್ಣನ ಬದಲು ಇಬ್ಬರು ಮೂವರು ಕೃಷ್ಣರಿದ್ದರೆ ಗಾಬರಿ ಬೇಡ. ಪಾತ್ರ ತಗೊಂಡವರೇ ಖರ್ಚಿಗೆ ದುಡ್ಡು ಹಾಕ್ತಾರೆ, ಅದಕ್ಕೆ ದೊಡ್ಡ ಪಾತ್ರವನ್ನ ಹಂಚಿಕೊಳ್ತಾರೆ. ದರ್ಬಾರಿಗೆ ಒಬ್ಬ ದುರ್ಯೋಧನ, ಛಲದ ದೃಶ್ಯಕ್ಕೆ ಇನ್ನೊಬ್ಬ. ಸ್ತ್ರೀಪಾತ್ರಕ್ಕೆ ವೃತ್ತಿ ಕಲಾವಿದೆಯರನ್ನ ಹೊರಗಿಂದ ಕರೆಸ್ತಾರೆ. ಸುಗ್ಗಿ ಮುಗಿದ ಮೇಲೆ, ಸಂಕ್ರಾಂತಿಯಿಂದ ಬೇಸಿಗೆ ಜಾತ್ರೆಗಳವರೆಗೆ ಇದರ ಕಾಲ. ಮಳೆಗಾಲದಲ್ಲಿ ಬಯಲು ನಾಟಕ ಹುಡುಕಬೇಡಿ. ಆಗ ಕಲಾಕ್ಷೇತ್ರದಲ್ಲಿ ಹಗಲು ಹೊತ್ತು ಆಡೋದು ಇದೆಯಾ ವಿಚಾರಿಸಿ, ಹಾಸ್ಟೆಲ್‌ನಲ್ಲಿ ಇರೋರಿಗೆ ಅದೇ ಅನುಕೂಲ.

ಕರಪತ್ರದಲ್ಲಿ ರಾತ್ರಿ 9 ಅಂತ ಇದ್ದರೆ ಪೂಜೆ, ಪ್ರಾರ್ಥನೆ, ಊರ ಹಿರಿಯರ ಮಾತು ಮುಗಿದು ಪರದೆ ಏಳೋದು ಹತ್ತು ಹತ್ತೂವರೆಗೆ. ಹೆಚ್ಚು ಕಡಿಮೆ ಮಧ್ಯರಾತ್ರಿಯವರೆಗೆ ಕೃಷ್ಣನ ಒಡ್ಡೋಲಗ, ದುರ್ಯೋಧನನ ದರ್ಬಾರು. ನಡುರಾತ್ರಿ ಆದಮೇಲೆ ಸಂಧಾನ. ಕರ್ಣ ಕುಂತಿಯರ ಭೇಟಿ, ಅಭಿಮನ್ಯು ಹೊತ್ತಿಗೆ ಮೂರು ನಾಲ್ಕು ಗಂಟೆ. ಗದಾಯುದ್ಧಕ್ಕೆ ಬೆಳಕು ಹರಿದಿರುತ್ತೆ. ಪೂರ್ತಿ ಕೂರಕ್ಕಾಗಲ್ಲ ಅನ್ನೋರು ಸಂಧಾನದಿಂದ ಕರ್ಣನವರೆಗೆ ಕಣ್ಣು ಬಿಟ್ಟುಕೊಂಡು ಕೂತರೆ ಸಾಕು. ಅನುಭವಸ್ಥರು ಆ ಪಾತ್ರಗಳನ್ನೇ ಆರಿಸಿಕೊಳ್ತಾರೆ.

ಪೆಟ್ಟಿಗೆ ಹತ್ತಿರ, ವೇದಿಕೆಯ ಬಲ ಎಡ ನೋಡಿ ಮೇಷ್ಟ್ರು ಕಾಣೋ ಕಡೆ ಕೂತ್ಕೊಳ್ಳಿ. ಎಡಗೈ ತಿದಿ ಒತ್ತುತ್ತಾ ಇರುತ್ತೆ, ಬಲಗೈ ನಟನ ಶ್ರುತಿಯ ಮನೆ, ಅಂದರೆ ಆ ಸ್ವರದ ಕೀಲಿ, ಹಿಡಿದು ಕಾಯ್ತಾ ಇರುತ್ತೆ, ಕಣ್ಣು ನಟನ ತುಟಿಯ ಮೇಲೆ. ಹೊಸಬ ಗಾಬರಿಯಲ್ಲಿ ಶ್ರುತಿ ಕೇಳಿಸಿಕೊಳ್ಳದೆ ಪದ್ಯ ಎತ್ತಿಬಿಡ್ತಾನೆ, ಸ್ವರ ಎಲ್ಲೋ ಪೆಟ್ಟಿಗೆ ಎಲ್ಲೋ. ಒಳ್ಳೇ ಮೇಷ್ಟ್ರು ಎರಡನೇ ಸಾಲಿಗೇ ಅವನು ಹಿಡಿದ ಮನೆಗೆ ತಾನೇ ಹೋಗಿ ಸೇರ್ಕೊಳ್ತಾರೆ. ಸಭೆಗೆ ಅದು ಗೊತ್ತೇ ಆಗಬಾರದು, ಮೇಷ್ಟ್ರ ವಿದ್ಯೆ ಇರೋದು ಅಲ್ಲಿ.

ಕೇಳಿದವರು

ತುಂಬಾ ಧನ್ಯವಾದ ಮೇಷ್ಟ್ರೇ. ಎರಡು ಅನುಮಾನ. ಪದ್ಯಗಳ ಭಾಷೆ ಕೇಳಿದ ತಕ್ಷಣ ಅರ್ಥ ಆಗುತ್ತಾ? ನಡುವೆ ನೋಟು ಹಾಕೋದಕ್ಕೆ ಆಟ ನಿಲ್ಲಿಸ್ತಾರಂತೆ, ಹೌದಾ?

ಪೆಟ್ಟಿಗೆ ಮೇಷ್ಟ್ರು

ಪದ್ಯಕ್ಕೆ ಮುಂಚೆ ಬರೋ ಮಾತಲ್ಲೇ ಅರ್ಥ ಇರುತ್ತೆ, ಅದನ್ನ ಬಿಡಬೇಡಿ. ನಟ ಮಾತಲ್ಲಿ ಹೇಳಿದ್ದನ್ನೇ ಪದ್ಯದಲ್ಲಿ ಏರಿಸ್ತಾನೆ. ಕಂದ ಪದ್ಯವಾದರೆ ನಾಲ್ಕೇ ಸಾಲು: ಒಂದು, ಮೂರನೇ ಸಾಲಿಗೆ 12 ಮಾತ್ರೆ, ಎರಡು, ನಾಲ್ಕಕ್ಕೆ 20. ಕಿವಿ ಕೊಟ್ಟರೆ ಗಿಡ್ಡ ಸಾಲು, ಉದ್ದ ಸಾಲು ತಾನೇ ತಿಳಿಯುತ್ತೆ. ಕೊನೇ ಸಾಲಿನಲ್ಲಿ ರಾಗ ಬೆಳೆಸ್ತಾರೆ, ಮಾತು ಅಷ್ಟೊತ್ತಿಗೆ ಮುಗಿದಿರುತ್ತೆ. ಅರ್ಥ ಹುಡುಕೋದು ಬಿಟ್ಟು ಕೇಳಿ.

ನಿಲ್ಲಿಸೋದು ನಿಜ. ನೆಂಟರು ಬಂದು ನೋಟು ಪಿನ್ ಮಾಡ್ತಾರೆ, ಹಾರ ಹಾಕ್ತಾರೆ, ಮೈಕಲ್ಲಿ ಹೆಸರು ಕೂಗ್ತಾರೆ, "ಒನ್ಸ್ ಮೋರ್" ಬಂದರೆ ಪದ್ಯ ಮತ್ತೆ ಆಗಬೇಕು. ಎರಡು ಮೂರು ತಿಂಗಳು ರಾತ್ರಿ ಹೊತ್ತು ತಾಲೀಮು ಮಾಡಿದ ರೈತ ಅವನು, ಅವನ ಮನೆಯೋರಿಗೆ ಅದು ಹಬ್ಬ. ಆಟ ಬೆಳಗಿನವರೆಗೆ ಹೋಗೋದಕ್ಕೆ ಇದೂ ಒಂದು ಕಾರಣ. ಆ ಹೊತ್ತಲ್ಲಿ ಟೀ ಕುಡಿದು ಬನ್ನಿ.

ಹಾಸ್ಟೆಲ್ ವ್ಯವಹಾರ ಗೊತ್ತಿರೋ ಅಕ್ಕ

ರಾತ್ರಿ ನಾಟಕಕ್ಕೆ ಶನಿವಾರವೇ ಸರಿ. "ತಡವಾಗಿ ಬರ್ತೀವಿ" ಅಂತ ಅನುಮತಿ ಕೇಳಿದರೆ ವಾರ್ಡನ್ ಒಪ್ಪಲ್ಲ. "ರಾತ್ರಿ ಹೊರಗೆ, ಬೆಳಿಗ್ಗೆ 8ಕ್ಕೆ ವಾಪಸ್" ಅಂತ ಬರೆದು, ಊರಿನ ಹೆಸರು, ಆಯೋಜಕರ ನಂಬರ್, ಮನೆಯವರ ಸಹಿ ಸೇರಿಸಿ ಗುರುವಾರವೇ ಕೊಡಿ. ಕರಪತ್ರವನ್ನೂ ಜೊತೆಗೆ ಲಗತ್ತಿಸಿ, ಅದು ಇದ್ದರೆ ಪ್ರಶ್ನೆ ಕಡಿಮೆ. ಕೊನೇ ಬಸ್ಸಿಗಲ್ಲ, ಅದಕ್ಕೆ ಹಿಂದಿನದಕ್ಕೆ ಹೊರಡಿ. ಇಳಿದ ಕೂಡಲೇ ಬೆಳಗಿನ ಮೊದಲ ಬಸ್ಸಿನ ಹೊತ್ತು ಕಂಡಕ್ಟರನ್ನೇ ಕೇಳಿ. ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಲ್ಲಿ ಹುಡುಗಿಯರಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇದೆ, ಆಧಾರ್ ಇಟ್ಕೊಳ್ಳಿ. ಜೊತೆಗೆ ಹುಡುಗರಿದ್ದರೆ ಅವರಿಗೆ ಮಾತ್ರ ಬಸ್ ಖರ್ಚು.

ಗೋಣಿತಾಟು ಇಲ್ಲ ಚಾಪೆ ಒಂದು, ತಲೆಗೆ ಸುತ್ತೋ ಶಾಲು ತಲಾ ಒಂದು, ನೀರು. ಜನವರಿ, ಫೆಬ್ರವರಿಯ ಬಯಲಲ್ಲಿ ಮೂರು ಗಂಟೆ ಮೇಲೆ ಇಬ್ಬನಿ ಬೀಳುತ್ತೆ, ಸ್ವೆಟರ್ ಇದ್ದರೂ ಕಿವಿ ಮುಚ್ಚದಿದ್ದರೆ ಮಾರನೇ ದಿನ ಶೀತ. ಹೆಂಗಸರು ಕೂರೋ ಕಡೆ ಹೋಗಿ ಕೂತ್ಕೊಳ್ಳಿ, ಊರಿನ ಅಜ್ಜಿಯರು ಜಾಗ ಮಾಡಿ ಕೊಡ್ತಾರೆ. ಯಾವ ದೃಶ್ಯ ಮುಂದೆ ಬರುತ್ತೆ ಅಂತ ಅವರಿಗೆ ಬಾಯಿಪಾಠ, ಕಣ್ಣು ಮುಚ್ಚಿದರೆ ಸಂಧಾನದ ಹೊತ್ತಿಗೆ ಅವರೇ ತಟ್ಟಿ ಎಬ್ಬಿಸ್ತಾರೆ.