ಸಹಾಯ ಬೇಕು: ನಮ್ಮ ಫ್ಯಾಂಟಸಿ ಫುಟ್‌ಬಾಲ್ ಲೀಗಿಗೆ ಪಾಯಿಂಟ್ ಲೆಕ್ಕ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಕೌಲ್ ಬಜಾರಿನ ನಾವು ಹತ್ತು ಗೆಳೆಯರು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಮ್ಯಾಚ್‌ಗಳ ಮೇಲೆ ನಮ್ಮದೇ ಫ್ಯಾಂಟಸಿ ಲೀಗ್ ನಡೆಸ್ತೀವಿ. ಅಂದ್ರೆ ಅಲ್ಲಿನ ಆಟಗಾರರನ್ನ ಆರಿಸಿ ನಮ್ಮ ನಮ್ಮ ತಂಡ ಕಟ್ಟೋದು, ಮ್ಯಾಚ್‌ನಲ್ಲಿ ಅವರು ಆಡಿದ್ದಕ್ಕೆ ತಕ್ಕಂತೆ ನಮಗೆ ಪಾಯಿಂಟ್. ದುಡ್ಡಿನ ಆಟ ಅಲ್ಲ, ಗೆದ್ದವರಿಗೆ ಉಳಿದವರು ಒಗ್ಗರಣಿ-ಮಿರ್ಚಿ ಕೊಡಿಸಬೇಕು ಅಷ್ಟೆ.

ಗೋಲಿಗೆ ಡಿಫೆಂಡರ್‌ಗೆ 6, ಮಿಡ್‌ಫೀಲ್ಡರ್‌ಗೆ 5, ಫಾರ್ವರ್ಡ್‌ಗೆ 4. ಇದರಲ್ಲಿ ತಕರಾರಿಲ್ಲ. ತೊಂದರೆ ಇರೋದು ಚೆಂಡು ಕಸಿದು ತಂಡ ಕಾಯೋ ಮಿಡ್‌ಫೀಲ್ಡರ್‌ಗಳದು. ಕ್ಲೀನ್ ಶೀಟ್ ಆದ್ರೆ, ಅಂದ್ರೆ ತಂಡ ಒಂದೂ ಗೋಲು ಬಿಟ್ಟುಕೊಡದಿದ್ರೆ, ಡಿಫೆಂಡರ್‌ಗೆ 4, ಇವರಿಗೆ ಬರೀ 1. ಹಿಂಗಾಗಿ ಅವರನ್ನ ಯಾರೂ ಆರಿಸೋದೇ ಇಲ್ಲ, ನನಗೆ ಇದು ಅನ್ಯಾಯ ಅನಿಸ್ತದೆ. ಪ್ರೀಮಿಯರ್ ಲೀಗಿನ ಅಧಿಕೃತ ಫ್ಯಾಂಟಸಿ ಆಟದಲ್ಲಿ 2025-26ರಿಂದ ಟ್ಯಾಕಲ್ (ಎದುರಾಳಿಯಿಂದ ಚೆಂಡು ಕಸಿಯೋದು), ಇಂಟರ್‌ಸೆಪ್ಷನ್ (ಎದುರಾಳಿ ಪಾಸನ್ನ ನಡುವೆ ತಡೆಯೋದು) ಮುಂತಾದವು ಸೇರಿ ಒಂದು ಮ್ಯಾಚ್‌ನಲ್ಲಿ 12 ಆದ್ರೆ ಮಿಡ್‌ಫೀಲ್ಡರ್‌ಗೆ 2 ಪಾಯಿಂಟ್. ಆದ್ರೆ 11 ಮಾಡಿದವನಿಗೆ ಸೊನ್ನೆ! ಅದರ ಬದಲು ಪ್ರತಿ ಆರಕ್ಕೆ ಒಂದು ಪಾಯಿಂಟ್ ಇಟ್ರೆ ಸರಿಹೋಗ್ತದಾ, ಇಲ್ಲಾ ಫಾರ್ವರ್ಡ್‌ಗಳ ಬೆಲೆ ಬಿದ್ದುಹೋಗ್ತದಾ?

ಇಂಥ ಲೀಗ್ ನಡೆಸಿದ ಅಣ್ಣಾರು, ಅಕ್ಕಾರು ದಯವಿಟ್ಟು ಹೇಳ್ರಿ. ಆಗಸ್ಟ್‌ನಲ್ಲಿ ಸೀಸನ್ ಶುರುವಾಗೋದ್ರೊಳಗೆ ನಿಯಮ ಬರೆದಿಡಬೇಕು.